ನಾಲ್ಕು ಪ್ರತಿ, ನಡುವೆ ಕಾರ್ಬನ್

ಪ್ರಶ್ನೆ: ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅತ್ಯಾಚಾರದ ಸುದ್ದಿ ಬಂದರೆ ಸಾಕು, ‘ನಾಳೆಯೇ ಗಲ್ಲಿಗೇರಿಸಿ’ ಎಂದು ನಲವತ್ತು ಜನ ಬರೆಯುತ್ತಾರೆ. ಗಲ್ಲು ಶಿಕ್ಷೆಯನ್ನೇ ರದ್ದು ಮಾಡಬೇಕು ಅಂದದ್ದಕ್ಕೆ ನನ್ನ ಭಾವಮೈದುನ ಮಾತು ಬಿಟ್ಟಿದ್ದಾನೆ. ನೀವು ಪುಣೆ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ಮುಂಬೈ ದಾಳಿಯ ಕಸಬ್‌ನನ್ನು ನಿಮ್ಮ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದ ದಿನ ನೀವೂ ಪೇಢೆ ಹಂಚಿದಿರಾ?
– ಡೊಂಬಿವಲಿಯ ಓದುಗ

ಉತ್ತರ: ಹಂಚಲಿಲ್ಲ, ತಿಂದೆ. 2012ರ ನವೆಂಬರ್ 21. ವಿಶ್ರಾಂತವಾಡಿಯ ನಮ್ಮ ಮನೆಗೆ ಪಕ್ಕದವರು ಡಬ್ಬಿ ಹಿಡಿದು ಬಂದರು. ಟೀವಿಯಲ್ಲಿ ಸುದ್ದಿ ಬರುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿತ್ತು. ಅವನ ವಿಷಯದಲ್ಲಿ ನನಗೆ ಇವತ್ತಿಗೂ ಕಣ್ಣೀರಿಲ್ಲ. ಆದರೂ ನಿಮ್ಮ ಪಕ್ಷವೇ ನನ್ನದು. ಯಾಕೆಂದರೆ ನಾನು ಕಸಬ್‌ನ ಕಡೆಯಿಂದ ಯೋಚಿಸುವುದಿಲ್ಲ, ಗುಮಾಸ್ತನ ಕಡೆಯಿಂದ ಯೋಚಿಸುತ್ತೇನೆ.

ಸಹಿ ಬಿದ್ದ ತೀರ್ಪನ್ನು ಬರೆದ ನ್ಯಾಯಾಧೀಶರೇ ಮುಟ್ಟುವ ಹಾಗಿಲ್ಲ. ಬರಹದ ತಪ್ಪು, ಲೆಕ್ಕದ ತಪ್ಪು ಮಾತ್ರ ತಿದ್ದಬಹುದು. ನಾನು ಅಂಥ ಎಷ್ಟೋ ತಿದ್ದಿದ್ದೇನೆ: ತಂದೆಯ ಹೆಸರು, ಸರ್ವೆ ನಂಬರು, ವಯಸ್ಸು. ಹೌದು, ವಯಸ್ಸು. 1994ರಲ್ಲಿ ಪುಣೆಯ ಒಂದೇ ಮನೆಯಲ್ಲಿ ಏಳು ಜನರ ಕೊಲೆಯಾಯಿತು, ಅದರಲ್ಲೊಬ್ಬಳು ಗರ್ಭಿಣಿ. 1998ರಲ್ಲಿ ಇಲ್ಲಿನ ಸೆಷನ್ಸ್ ಕೋರ್ಟು ಆರೋಪಿಯೊಬ್ಬನಿಗೆ ಗಲ್ಲು ವಿಧಿಸಿತು, 2000ದಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆಗ ನೀವು ಕೇಳಿದ್ದರೆ, ಇವನನ್ನಲ್ಲದೆ ಇನ್ಯಾರನ್ನು ಗಲ್ಲಿಗೇರಿಸುತ್ತೀರಿ ಅಂತ ನಾನೇ ಕೇಳುತ್ತಿದ್ದೆ. ಆಮೇಲೆ ಅವನು ಓದಿದ್ದ ರಾಜಸ್ಥಾನದ ಶಾಲೆಯೊಂದರ ದಾಖಲೆ ಹೊರಬಂತು. 2023ರ ಮಾರ್ಚಿನಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತು: ಕೊಲೆಯ ದಿನ ಅವನ ವಯಸ್ಸು 12 ವರ್ಷ 6 ತಿಂಗಳು. ನಮ್ಮ ಕಡತದಲ್ಲಿ ವಯಸ್ಸಷ್ಟೇ ಅಲ್ಲ, ಹೆಸರೂ ಬೇರೆಯಿತ್ತು. ಆ ವಯಸ್ಸಿನ ಬಾಲಾಪರಾಧಿಗೆ ಹೆಚ್ಚೆಂದರೆ ಮೂರು ವರ್ಷ. ಅವನು 28 ವರ್ಷ ಒಳಗಿದ್ದು ಹೊರಬಂದ. ಕೃತ್ಯ ಅವನದಲ್ಲ ಅಂತ ಕೋರ್ಟು ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ನಡುವೆ ಯಾವಾಗಲಾದರೂ ಹಗ್ಗ ಎಳೆದುಬಿಟ್ಟಿದ್ದರೆ ಆ ಶಾಲೆಯ ಕಾಗದವನ್ನು ಯಾವ ಕಡತಕ್ಕೆ ಹೊಲಿಯಬೇಕಿತ್ತು?

1980ರ ಬಚ್ಚನ್ ಸಿಂಗ್ ತೀರ್ಪಿನಿಂದ ಗಲ್ಲು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಅನ್ನುವ ಅಳತೆಗೋಲು ಬಂದಿದೆ. ಅದನ್ನು ಹಿಡಿದ ಕೈ ಪ್ರತಿ ಕೋರ್ಟ್ ಹಾಲ್‌ನಲ್ಲೂ ಬೇರೆ. 2015ರಲ್ಲಿ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಪ್ರಕರಣ ಬಿಟ್ಟು ಉಳಿದದ್ದಕ್ಕೆಲ್ಲ ಗಲ್ಲು ಬೇಡ ಅಂದಿತು. ಭಾವಮೈದುನನಿಗೆ ಕಸಬ್ ಒಬ್ಬನನ್ನು ಬಿಟ್ಟುಕೊಟ್ಟು ಉಳಿದವರ ಬಗ್ಗೆ ಮಾತು ಶುರುಮಾಡಿ ನೋಡಿ. ದೀಪಾವಳಿ ಹತ್ತಿರವಿದೆ, ಹೇಗೂ ಮನೆಗೆ ಬರುತ್ತಾನಲ್ಲ.

ಪ್ರಶ್ನೆ: ಪೋರ್ಚುಗೀಸರ ಕಾಲದಲ್ಲಿ ಗೋವೆಯಲ್ಲಿ ಗಲ್ಲು ಇರಲಿಲ್ಲವಂತೆ, ನಿಜವೇ?
– ಮಡಗಾಂವಿನ ಓದುಗಿ

ಉತ್ತರ: ಇಂಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆ, ನಡೆಸಿದವರೂ ಅವರೇ, ಮರೆಯಬೇಡಿ. ಆದರೆ 1867ರಲ್ಲಿ ಪೋರ್ಚುಗಲ್ ಸಾಮಾನ್ಯ ಅಪರಾಧಗಳಿಗೆ ಮರಣದಂಡನೆ ತೆಗೆಯಿತು, 1870ರಲ್ಲಿ ವಸಾಹತುಗಳಿಗೂ ಅದನ್ನು ವಿಸ್ತರಿಸಿತು. 2005ರಲ್ಲಿ ಮುಂಬೈ ಸ್ಫೋಟದ ಆರೋಪಿ ಅಬು ಸಲೇಂನನ್ನು ನಮಗೆ ಒಪ್ಪಿಸುವಾಗಲೂ ಗಲ್ಲಿಗೇರಿಸುವುದಿಲ್ಲ ಅನ್ನುವ ಭರವಸೆ ಪಡೆದೇ ಕಳಿಸಿತು.

ಪ್ರಶ್ನೆ: ಗಲ್ಲು ಬರೆದ ಮೇಲೆ ನ್ಯಾಯಾಧೀಶರು ಪೆನ್ನಿನ ನಿಬ್ಬು ಮುರಿಯುತ್ತಾರಾ?
– ಚಿಂಚವಡದ ವಿದ್ಯಾರ್ಥಿ

ಉತ್ತರ: ಕೆಲವರು ಮುರಿಯುತ್ತಾರೆ ಅಂತ ಕೇಳಿದ್ದೇನೆ. ಗಲ್ಲು ಬರೆದದ್ದನ್ನು ನಾನು ನೋಡಿದ್ದು ಒಂದೇ ಸಲ. ನಮ್ಮ ಸಾಹೇಬರು ಕ್ಯಾಪ್ ಹಾಕಿ ಪೆನ್ನನ್ನು ಜೇಬಿಗಿಟ್ಟು ನೀರು ಕೇಳಿದರು, ಅಷ್ಟೇ. ಟೈಪು ನನ್ನದು, ನಾಲ್ಕು ಪ್ರತಿ, ನಡುವೆ ಮೂರು ಕಾರ್ಬನ್. ‘ಪ್ರಾಣ ಹೋಗುವವರೆಗೆ’ ಅನ್ನುವಲ್ಲಿ ಒಂದಕ್ಷರ ತಪ್ಪಿತು. ಮೇಲಿನ ಪ್ರತಿಗೆ ವೈಟ್ನರ್ ಹಚ್ಚಿ, ಅದು ಒಣಗಲಿ ಅಂತ ಬಾಯಿಂದ ಊದಿದೆ. ತೀರ್ಪು ಇಂಗ್ಲಿಷಿನಲ್ಲಿ ಓದಿದ್ದು. ಕಟಕಟೆಯಲ್ಲಿದ್ದವನು ಪೇದೆಯ ಕಡೆ ಬಗ್ಗಿ ‘ಕಾಯ್ ಝಾಲಂ?’ ಏನಾಯ್ತು ಅಂತ ಕೇಳಿದ. ಪೇದೆ ‘ಹೈಕೋರ್ಟ್ ಆಹೆ’, ಹೈಕೋರ್ಟ್ ಇದೆ ಅಂದು ಕೈಕೋಳ ಹಾಕಿದ. ಎರಡು ವರ್ಷದ ಮೇಲೆ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಆ ಆದೇಶದ ನಕಲು ಫೈಲಿಗೆ ಸೇರಿಸಿದವನೂ ನಾನೇ.