ಲಸಿಕೆಗೆ ಶುಲ್ಕವಿಟ್ಟರೆ ಬೆಲೆ ಬರುತ್ತದೆಯೇ?

ಪ್ರಶ್ನೆ: ಪುಕ್ಕಟೆ ಸಿಕ್ಕದ್ದಕ್ಕೆ ಬೆಲೆಯಿಲ್ಲ, ಮಕ್ಕಳ ಲಸಿಕೆಗೆ ಸ್ವಲ್ಪವಾದರೂ ಹಣ ಪಡೆಯಬೇಕು ಎಂದು ನಮ್ಮೂರ ಹಿರಿಯರೊಬ್ಬರು ವಾದಿಸುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಸರಿಯಲ್ಲವೆಂದೇ ನನ್ನ ಅಭಿಪ್ರಾಯ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಲಸಿಕೆ ಉಚಿತವಾದರೂ, ತೊಗರಿ ರಾಶಿಯ ದಿನಗಳಲ್ಲಿ ಕೆಲಸ ಬಿಟ್ಟು ಕೂಸನ್ನೆತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬರುವ ತಾಯಿ ಒಂದು ದಿನದ ಕೂಲಿಯನ್ನೂ ಟಂಟಂ ಬಾಡಿಗೆಯನ್ನೂ ಆಗಲೇ ತೆತ್ತಿರುತ್ತಾಳೆ. ಐದು ರೋಗಗಳನ್ನು ತಡೆಯುವ ಪೆಂಟಾವಲೆಂಟ್ ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂದರೆ ಮರುದಿನದ ಕೂಲಿಯೂ ಹೋಯಿತು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಳ್ಳಿಯಲ್ಲೇ ಶಿಬಿರ ನಡೆಸಿ ಪ್ರತಿ ಬಾರಿಯೂ ಒಂದು ಕಿಲೋ ಬೇಳೆ ಹಾಗೂ ಕೊನೆಯಲ್ಲಿ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 39ರಷ್ಟಿದ್ದರು. ಬರೀ ಶಿಬಿರವಿದ್ದ ಕಡೆ ಶೇ 18, ಎರಡೂ ಇಲ್ಲದ ಕಡೆ ಕೇವಲ ಶೇ 6. ಬೇಳೆಯಷ್ಟು ಸಣ್ಣ ಲಾಭವೇ ಇಷ್ಟು ಜನರನ್ನು ಕರೆತರುವುದಾದರೆ, ಸಣ್ಣ ಶುಲ್ಕ ಎಷ್ಟು ಜನರನ್ನು ದೂರವಿಟ್ಟೀತು?

‘ಲಸಿಕೆಗೆ ಎಷ್ಟು ಕೊಡುವಿರಿ’ ಎಂದು ಕೇಳುವ ಸಮೀಕ್ಷೆಗಳೂ ಇವೆ. ಆದರೆ ಬಾಯಲ್ಲಿ ಹೇಳಿದ ಮೊತ್ತ ಸೆರಗಿನ ಗಂಟಿನಿಂದ ಹೊರಬರಲೇಬೇಕೆಂದೇನಿಲ್ಲ. ಮೇಲಾಗಿ, ಒಂದು ಮನೆಯವರು ದಡಾರದ ಲಸಿಕೆ ಹಾಕಿಸಿದರೆ ಇನ್ನೂ ಒಂಬತ್ತು ತಿಂಗಳು ತುಂಬದ ನೆರೆಮನೆಯ ಕೂಸಿಗೂ ಸೋಂಕಿನ ಭಯ ತಗ್ಗುತ್ತದೆ. ಆ ಪ್ರಯೋಜನವನ್ನು ಯಾವ ತಂದೆತಾಯಿಯೂ ತಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಆ ಪಾಲನ್ನು ಸರ್ಕಾರವೇ ಭರಿಸುವುದು ನ್ಯಾಯ.