ಗಪ್ಪಿ ಮರಿಗಳು: ತೊಟ್ಟಿ ಕಿಕ್ಕಿರಿಯುವ ಮುನ್ನ

ಪ್ರಶ್ನೆ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ನಾಲ್ಕು ಗಪ್ಪಿ ಮೀನುಗಳಿದ್ದವು. ಈಗ ಅರವತ್ತು ಮರಿಗಳಾಗಿವೆ. ಮೊದಲ ತಿಂಗಳು ಒಂದೂ ಸಾಯಲಿಲ್ಲ. ಈಗ ದಿನಕ್ಕೆ ಒಂದೆರಡು ಸಾಯುತ್ತಿವೆ, ಉಳಿದವು ಮೇಲೆ ಬಂದು ಬಾಯಿ ಆಡಿಸುತ್ತಿವೆ. ನೀರು ತಿಳಿಯಾಗಿಯೇ ಇದೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಹುಟ್ಟಿದಾಗ ಗಪ್ಪಿ ಮರಿ ಆರೇಳು ಮಿಲಿಮೀಟರ್ ಇರುತ್ತದೆ. ಅದು ಎರಡು ಸೆಂಟಿಮೀಟರ್ ಆಗುವಷ್ಟರಲ್ಲಿ ಉದ್ದ ಮೂರು ಪಟ್ಟಾಯಿತು. ಅಗಲ, ದಪ್ಪವೂ ಅದೇ ಪ್ರಮಾಣದಲ್ಲಿ ಬೆಳೆಯುವುದರಿಂದ ತೂಕ ಹೆಚ್ಚುಕಡಿಮೆ 27 ಪಟ್ಟಾಗುತ್ತದೆ. ತಿನ್ನುವ ಮೇವು, ಎಳೆದುಕೊಳ್ಳುವ ಆಮ್ಲಜನಕ, ಕಿವಿರಿನಿಂದ ಬಿಡುವ ಅಮೋನಿಯಾ ಎಂಬ ವಿಷ ಎಲ್ಲವೂ ತೂಕದ ಜೊತೆಗೇ ಏರುತ್ತವೆ. ಮೊದಲ ತಿಂಗಳು ಹಗುರವಾಗಿದ್ದ ಅದೇ ಅರವತ್ತು ಮರಿಗಳ ಹೊರೆಯನ್ನು ಈಗ ನಿಮ್ಮ ಫಿಲ್ಟರ್ ತಾಳುತ್ತಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ಆದ್ದರಿಂದ ತಿಳಿನೀರನ್ನು ನೋಡಿ ಸಮಾಧಾನಪಡಬೇಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದು ಒಡೆದಾಗ ಬರುವ ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಬೋರ್‌ವೆಲ್ ನೀರಾದರೆ ಇನ್ನೂ ಎಚ್ಚರ ಬೇಕು: ಗಪ್ಪಿಗೆ ಗಡಸು ನೀರು ಒಗ್ಗುತ್ತದೆ, ಆದರೆ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8 ದಾಟಿದಾಗ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ.

ಇವತ್ತು ಮೇವು ಹಾಕಬೇಡಿ. ಮೂರನೇ ಒಂದು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿರುವ ನೀರು ನಿಧಾನವಾಗಿ ತುಂಬಿಸಿ. ಮುಂದಿನ ನಾಲ್ಕು ದಿನ ದಿನಕ್ಕೆ ಕಾಲು ಭಾಗ, ಆಮೇಲೆ ವಾರಕ್ಕೆರಡು ಸಲ ಕಾಲು ಭಾಗ ಬದಲಿಸಿ. ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಹಾಕಿ, ಇಲ್ಲವೇ ಬಾಯಿ ಅಗಲವಾದ ಬಕೆಟ್ಟಿನಲ್ಲಿ ಒಂದು ದಿನ ಗಾಳಿ ಬಿಟ್ಟಿಡಿ. ಏರ್ ಪಂಪ್ ರಾತ್ರಿಯೂ ಓಡಲಿ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಗಾಬರಿಯಲ್ಲಿ ಹಲವರು ತೊಟ್ಟಿಯನ್ನೆಲ್ಲ ಖಾಲಿ ಮಾಡಿ, ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆಯುತ್ತಾರೆ. ಅಮೋನಿಯಾ ಒಡೆಯುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಾಂಜಿನಲ್ಲಿ. ಅವು ಸತ್ತರೆ ಮತ್ತೆ ಕೂಡಿಕೊಳ್ಳಲು ನಾಲ್ಕಾರು ವಾರ ಬೇಕು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು.

ಇಷ್ಟಾದರೂ ಅರವತ್ತು ಮೀನು ಅಲ್ಲಿ ದೊಡ್ಡವಾಗಲಾರವು. ನಿಮ್ಮ ತೊಟ್ಟಿ ತುಂಬಿದರೆ ಸುಮಾರು 56 ಲೀಟರ್. ಜಲ್ಲಿ ಮತ್ತು ಮೇಲೆ ಬಿಡುವ ಜಾಗ ಕಳೆದರೆ 45. ಸ್ಪಾಂಜ್ ಫಿಲ್ಟರ್ ಇದ್ದಾಗ ಬೆಳೆದ ಗಪ್ಪಿ ಒಂದಕ್ಕೆ ಎರಡು ಲೀಟರ್ ಎಂದು ಹಿಡಿಯಿರಿ, ಇಪ್ಪತ್ತೆರಡಕ್ಕೆ ನಿಲ್ಲಿಸಿ. ‘ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ’ ಎಂಬ ಮಾತನ್ನು ನಂಬಬೇಡಿ. ಅದು ಕೆಟ್ಟ ನೀರಿನಲ್ಲಿ ಕುಂಠಿತವಾದ ಮೀನು. ಉಳಿದ ಮರಿಗಳನ್ನು ಅಕ್ವೇರಿಯಂ ಅಂಗಡಿಗೋ ಪರಿಚಯದವರಿಗೋ ಈಗಲೇ ಕೊಡಿ.

ಪ್ರಶ್ನೆ: ಗಂಡು ಮೀನನ್ನು ತೆಗೆದು ಎರಡು ತಿಂಗಳಾಯಿತು. ಹೆಣ್ಣುಗಳು ಮರಿ ಹಾಕುತ್ತಲೇ ಇವೆ, ಹೇಗೆ?
– ಓದುಗರು, ಹಾಸನ

ಉತ್ತರ: ಒಮ್ಮೆ ಕೂಡಿದ ಹೆಣ್ಣು ಗಪ್ಪಿ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಉಳಿಸಿಕೊಂಡು, ನಾಲ್ಕು ವಾರಕ್ಕೊಮ್ಮೆ ಮರಿ ಹಾಕಬಲ್ಲದು. ಹಾಗಾಗಿ ಗಂಡನ್ನು ತೆಗೆದ ಫಲ ತಡವಾಗಿ ಸಿಗುತ್ತದೆ. ಈಗಿನ ಮರಿಗಳತ್ತ ಹೆಚ್ಚು ಗಮನ ಕೊಡಿ. ನಾಲ್ಕನೇ ವಾರದಿಂದ ವಾರಕ್ಕೊಮ್ಮೆ ಪಾರದರ್ಶಕ ಲೋಟದಲ್ಲಿ ಹಿಡಿದು ಪಕ್ಕದಿಂದ ನೋಡಿ: ಹೊಟ್ಟೆಯ ಕೆಳಗೆ ಬಾಲದ ಕಡೆಗಿರುವ ಒಂಟಿ ಈಜುರೆಕ್ಕೆ ಗಂಡಿನಲ್ಲಿ ಕಡ್ಡಿಯಂತೆ ಸಣ್ಣಗಾಗುತ್ತದೆ, ಹೆಣ್ಣಿನಲ್ಲಿ ಬೀಸಣಿಗೆಯಂತೆಯೇ ಉಳಿಯುತ್ತದೆ. ಕಡ್ಡಿ ಕಾಣಿಸಿದ ದಿನವೇ ಬೇರೆ ಮಾಡಿ. ಬಣ್ಣ ಬರಲೆಂದು ಕಾಯುತ್ತ ಕುಳಿತರೆ ಅಷ್ಟರಲ್ಲಿ ಅಕ್ಕತಂಗಿಯರು ಬಸಿರಾಗಿರುತ್ತವೆ. ಮರಿಗಳೇ ಬೇಡವಾದರೆ ಗಂಡುಗಳನ್ನಷ್ಟೇ ಸಾಕಿ. ನೋಡಲು ಅವೇ ಚೆಂದ.

ಪ್ರಶ್ನೆ: ಬೆಂದ ಮೊಟ್ಟೆಯ ಹಳದಿ ಹಾಕಿದರೆ ನೀರು ಬೆಳ್ಳಗಾಗುತ್ತದೆ. ಬೇರೆ ಮೇವು ಯಾವುದು?
– ಓದುಗರು, ಶಿರಸಿ

ಉತ್ತರ: ಹಳದಿ ಬಿಟ್ಟುಬಿಡಿ, ಕಿಕ್ಕಿರಿದ ತೊಟ್ಟಿಗೆ ಅದು ಖಂಡಿತ ಬೇಡ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ ಒಳ್ಳೆಯದು. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಟೀ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಏರ್ ಪಂಪಿನ ಗಾಳಿ ಬಿಡುತ್ತಾ ಬೆಳಕಿನಲ್ಲಿಡಿ. 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತವೆ, ಮಲೆನಾಡಿನ ಚಳಿಗಾಲದಲ್ಲಿ ಒಂದೂವರೆ ದಿನಕ್ಕೂ ಮಿಕ್ಕಬಹುದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಚಿಪ್ಪು ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಸಣ್ಣ ಪೈಪಿನಿಂದ ತಳದವನ್ನು ಮಾತ್ರ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ಚಿಪ್ಪು ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು. ದಿನಕ್ಕೆ ಮೂರು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಕೊಡಿ.

ಕೊನೆಯದಾಗಿ, ಹೆಚ್ಚಾದ ಗಪ್ಪಿಗಳನ್ನು ಕೆರೆಗೆ ಬಿಡಬಹುದೇ ಎಂದು ಹಲವರು ಕೇಳಿದ್ದಾರೆ. ದಯವಿಟ್ಟು ಬಿಡಬೇಡಿ. ಸೊಳ್ಳೆ ನಿಯಂತ್ರಣಕ್ಕೆ ಆರೋಗ್ಯ ಇಲಾಖೆ ಗಪ್ಪಿ ಬಳಸುವುದು ನಿಜ, ಆದರೆ ಎಲ್ಲಿ ಬಿಡಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ದಕ್ಷಿಣ ಅಮೆರಿಕದ ಈ ಮೀನು ನಮ್ಮ ಕೆರೆ-ತೊರೆಗಳಲ್ಲಿ ಸೇರಿಕೊಂಡರೆ ಇಲ್ಲಿನ ಸಣ್ಣ ಮೀನುಗಳ ಮೊಟ್ಟೆ-ಮರಿಗಳನ್ನು ತಿನ್ನುತ್ತದೆ, ಮನೆಯ ತೊಟ್ಟಿಯ ರೋಗವನ್ನೂ ಅಲ್ಲಿಗೆ ಒಯ್ಯುತ್ತದೆ.