ತಿರುಗದ ಚಾವಿ, ಹೊರಬಾರದ ಚಾವಿ

ವಾಹನ ವಿಭಾಗಕ್ಕೆ ಈ ಸಲ ಬಂದ ಪತ್ರಗಳಲ್ಲಿ ಕಾರಿನ ಇಗ್ನಿಷನ್ ಚಾವಿಯ ಬಗೆಗಿನ ದೂರುಗಳೇ ಹೆಚ್ಚಾಗಿದ್ದುದರಿಂದ, ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವು ಓದುಗರ ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಚಾವಿ ತಿರುಗದಿರುವುದು, ತಿರುಗಿದ ಚಾವಿ ಹೊರಗೆ ಬಾರದಿರುವುದು, ಚಾವಿ ತಿರುಗಿದರೂ ಎಂಜಿನ್ ಚಾಲೂ ಆಗದಿರುವುದು ಇವು ಮೂರೂ ಬೇರೆ ಬೇರೆ ತೊಂದರೆಗಳು. ಯಾವುದು ಎಲ್ಲಿ ಹಿಡಿದುಕೊಂಡಿದೆ ಎಂದು ನೋಡದೆ ಬಲಪ್ರಯೋಗಕ್ಕೆ ಇಳಿದರೆ, ಮನೆಯಲ್ಲೇ ಮುಗಿಯಬಹುದಾದ ಕೆಲಸ ಇಡೀ ಕೀಲಿಯನ್ನೇ, ಅಂದರೆ ಚಾವಿ ತೂರಿಸುವ ಬೀಗವನ್ನೇ, ಬದಲಾಯಿಸುವ ಖರ್ಚಿಗೆ ಹೋಗಿ ಮುಟ್ಟುತ್ತದೆ.

ಪ್ರಶ್ನೆ: ನವನಗರದ ನಮ್ಮ ಮನೆಯ ಮುಂದಿನ ರಸ್ತೆ ಇಳಿಜಾರಾಗಿದೆ. ರಾತ್ರಿ ಮುಂದಿನ ಗಾಲಿಯನ್ನು ರಸ್ತೆ ಅಂಚಿನ ಕಲ್ಲಿಗೆ ಆನಿಸಿ ಕಾರು ನಿಲ್ಲಿಸುತ್ತೇವೆ. ಬೆಳಿಗ್ಗೆ ಎಷ್ಟೋ ಸಲ ಚಾವಿ ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಸ್ಟಿಯರಿಂಗ್ ಕೂಡ ಬಿಗಿದುಕೊಂಡಿರುತ್ತದೆ. ಮೊನ್ನೆ ಮಗ ಪಕ್ಕಡ ಹಾಕಿ ತಿರುಗಿಸಲು ಹೋದಾಗ ಚಾವಿ ತುಸು ಬಾಗಿತು. ಕೀಲಿ ಕೆಟ್ಟಿದೆಯೇ?
(ನಿವೃತ್ತ ಶಿಕ್ಷಕಿ, ಬಾಗಲಕೋಟೆ)

ಉತ್ತರ: ಅಕ್ಕೋರೇ, ನೀವು ಬರೆದ ಲಕ್ಷಣಗಳನ್ನು ನೋಡಿದರೆ ಕೀಲಿ ಕೆಟ್ಟಂತಿಲ್ಲ. ಚಾವಿ ಹೊರಗೆ ತೆಗೆದು ಸ್ಟಿಯರಿಂಗ್ ಸ್ವಲ್ಪ ಅಲುಗಿದೊಡನೆ, ಸ್ಪ್ರಿಂಗಿನ ಒತ್ತಡದಲ್ಲಿರುವ ಉಕ್ಕಿನ ಗೂಟವೊಂದು ಕೀಲಿಯ ಮೈಯಿಂದ ಹೊರಚಾಚಿ ಸ್ಟಿಯರಿಂಗ್ ದಂಡದ ಕಚ್ಚಿನೊಳಗೆ ಕೂರುತ್ತದೆ. ಕಳ್ಳರು ಕಾರನ್ನು ಓಡಿಸಿಕೊಂಡು ಹೋಗಬಾರದೆಂದೇ ಮಾಡಿದ ಏರ್ಪಾಡು ಇದು. ಚಾವಿ ತಿರುಗಿಸಿದಾಗ ಅದೇ ಗೂಟ ಹಿಂದಕ್ಕೆ ಸರಿಯಬೇಕು. ಆದರೆ ನಿಮ್ಮ ಗಾಲಿ ಕಲ್ಲಿಗೆ ಒತ್ತಿಕೊಂಡು ಹೊರಳಿ ನಿಂತಿರುವುದರಿಂದ, ಟೈರಿನ ರಬ್ಬರು ತನ್ನ ಮೊದಲಿನ ಸ್ಥಿತಿಗೆ ಮರಳಲು ರಾತ್ರಿಯಿಡೀ ಸ್ಟಿಯರಿಂಗ್ ದಂಡವನ್ನು ಒಂದೇ ಕಡೆಗೆ ತಿರುಚುತ್ತಿರುತ್ತದೆ. ಆ ತಿರುಚಿನ ಭಾರವೆಲ್ಲ ಗೂಟದ ಒಂದು ಬದಿಯ ಮೇಲೆ ಬಿದ್ದು ಅದು ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಾವಿಗೆ ಎಷ್ಟೇ ಬಲ ಹಾಕಿದರೂ ಆ ಭಾರ ಇಳಿಯುವುದಿಲ್ಲ. ಬಲ ಹಾಕಬೇಕಾದದ್ದು ಸ್ಟಿಯರಿಂಗಿಗೆ.

ಎಡಗೈಯಿಂದ ಸ್ಟಿಯರಿಂಗ್ ಹಿಡಿದು ಎರಡೂ ಕಡೆಗೆ ಅಲುಗಿಸಿ ನೋಡಿರಿ. ಒಂದು ಕಡೆಗೆ ಅದು ಮಿಸುಕುವುದೇ ಇಲ್ಲ, ಇನ್ನೊಂದು ಕಡೆಗೆ ತುಸುವೇ ಕದಲುತ್ತದೆ. ಕದಲುವ ಕಡೆಗೆ ಗಟ್ಟಿಯಾಗಿ ಒತ್ತಿ ಹಿಡಿದು, ಅದೇ ಹೊತ್ತಿಗೆ ಬಲಗೈಯ ಎರಡು ಬೆರಳುಗಳಿಂದ ಚಾವಿಯನ್ನು ಹಗುರವಾಗಿ ತಿರುಗಿಸಿರಿ. ಗೂಟ ಹಿಂದೆ ಸರಿದ ಸದ್ದು ಕೇಳಿಸಿ ಚಾವಿ ತಾನಾಗಿ ತಿರುಗುತ್ತದೆ. ಬಾಗಿದ ಚಾವಿಯನ್ನು ಮಾತ್ರ ತಟ್ಟಿ ನೆಟ್ಟಗೆ ಮಾಡಿ ಬಳಸಬೇಡಿರಿ. ಒಮ್ಮೆ ಬಾಗಿದ ಲೋಹ ಅದೇ ಜಾಗದಲ್ಲಿ ದುರ್ಬಲವಾಗಿ, ಮುಂದೊಂದು ದಿನ ಕೀಲಿಯೊಳಗೇ ಮುರಿಯುತ್ತದೆ. ಕಾರು ಕೊಂಡಾಗ ಬಂದ ಎರಡನೆಯ ಚಾವಿಯನ್ನು ಹೊರಗೆ ತೆಗೆಯಿರಿ.

ಇಳಿಜಾರಿನಲ್ಲಿ ಗಾಲಿಯನ್ನು ಅಂಚಿನ ಕಡೆಗೆ ಹೊರಳಿಸಿ ನಿಲ್ಲಿಸುವ ನಿಮ್ಮ ರೂಢಿ ಸರಿಯಾದುದೇ, ಅದನ್ನು ಬಿಡಬೇಕಾಗಿಲ್ಲ. ಗಾಲಿ ಕಲ್ಲಿಗೆ ತಾಗಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸುವ ಮೊದಲು ಸ್ಟಿಯರಿಂಗ್ ಮೇಲಿನ ಹಿಡಿತ ಬಿಟ್ಟರೆ ಅದು ಸ್ವಲ್ಪ ಹಿಂದಕ್ಕೆ ಮರಳಿ ಸಡಿಲವಾಗಿ ನಿಲ್ಲುತ್ತದೆ. ಆಮೇಲೆ ಚಾವಿ ತೆಗೆಯಿರಿ. ಇದೇ ಗೂಟದ ಬಗ್ಗೆ ಇನ್ನೊಂದು ಮಾತನ್ನು ಎಲ್ಲ ಓದುಗರಿಗೂ ಹೇಳಬೇಕಾಗಿದೆ. ಚೋರ್ಲಾ ಘಾಟಿನಂಥ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಗಾಡಿ ಬಿಡುವವರಿದ್ದಾರೆ. ಹಾಗೆ ಮಾಡಿದಾಗ ಬ್ರೇಕಿಗೂ ಸ್ಟಿಯರಿಂಗಿಗೂ ಎಂಜಿನ್ನಿನಿಂದ ಸಿಗುವ ನೆರವು ತಪ್ಪುತ್ತದೆ; ಅದರ ಜೊತೆಗೆ ಚಾವಿ ‘ಲಾಕ್’ ಸ್ಥಾನಕ್ಕೆ ಹೋಗಿ ಕೈಗೆ ಬಂದುಬಿಟ್ಟರೆ, ಓಡುತ್ತಿರುವ ಗಾಡಿಯ ಸ್ಟಿಯರಿಂಗೇ ಬೀಗ ಬೀಳುತ್ತದೆ. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿರಿ.

ಪ್ರಶ್ನೆ: ನಮ್ಮದು 12 ವರ್ಷದ ಹಳೆಯ ಕಾರು, ನಿಂಬೆ ತೋಟಕ್ಕೂ ಪೇಟೆಗೂ ದಿನಾಲೂ ಓಡಾಡುತ್ತದೆ. ಚಾವಿಯನ್ನು ಮೇಲೆ ಕೆಳಗೆ ಅಲುಗಾಡಿಸಿ, ತುಸು ಹೊರಗೆ ಎಳೆದು ಹಿಡಿದರೆ ಮಾತ್ರ ತಿರುಗುತ್ತದೆ. ಯಾರೋ ಹೇಳಿದರೆಂದು ಎಂಜಿನ್ ಆಯಿಲ್ ಬಿಟ್ಟೆವು. ಕೆಲವು ದಿನ ಸಲೀಸಾಗಿತ್ತು, ಆಮೇಲೆ ಮೊದಲಿಗಿಂತ ಕೆಟ್ಟಿತು. ಬಜಾರಿನಲ್ಲಿ ಡುಪ್ಲಿಕೇಟ್ ಚಾವಿ ಮಾಡಿಸಿದರೆ ಅದು ತಿರುಗುವುದೇ ಇಲ್ಲ. ಪೂರ್ತಿ ಕೀಲಿಯನ್ನೇ ಬದಲಾಯಿಸಬೇಕೆಂದು ಮಿಸ್ತ್ರಿ ಹೇಳುತ್ತಾರೆ.
(ರೈತರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ)

ಉತ್ತರ: ಬದಲಾಯಿಸುವ ಮೊದಲು ಮಾಡಿ ನೋಡಬೇಕಾದದ್ದು ಸಾಕಷ್ಟಿದೆ. ಕೀಲಿಯ ಒಳಗೆ ಹಿತ್ತಾಳೆಯ ತೆಳುವಾದ ಬಿಲ್ಲೆಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಬದಿಗೂ ಒಂದು ಅತಿಚಿಕ್ಕ ಸ್ಪ್ರಿಂಗ್ ಇರುತ್ತದೆ. ಚಾವಿ ಇಲ್ಲದಾಗ ಬಿಲ್ಲೆಗಳ ಅಂಚು ಹೊರಚಾಚಿಕೊಂಡು ಕೀಲಿಯ ಉರುಳೆಯನ್ನು ತಿರುಗದಂತೆ ಹಿಡಿದಿಡುತ್ತದೆ. ಸರಿಯಾದ ಚಾವಿ ಒಳಗೆ ಹೋದಾಗ ಅದರ ಒಂದೊಂದು ಹಲ್ಲೂ ಒಂದೊಂದು ಬಿಲ್ಲೆಯನ್ನು ಬೇಕಾದ ಎತ್ತರಕ್ಕೆ ತಂದು ನಿಲ್ಲಿಸುತ್ತದೆ, ಎಲ್ಲ ಬಿಲ್ಲೆಗಳ ಅಂಚೂ ಉರುಳೆಯ ಮೈಗೆ ಸಮನಾಗುತ್ತದೆ, ಆಗ ಮಾತ್ರ ಉರುಳೆ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಮಿಲಿಮೀಟರಿನ ಸಣ್ಣ ಪಾಲಿನಷ್ಟು ಹೆಚ್ಚುಕಡಿಮೆ ನಿಂತರೂ ಚಾವಿ ಮಿಸುಕುವುದಿಲ್ಲ. ನೀವು ಚಾವಿಯನ್ನು ಅಲುಗಾಡಿಸುವುದು, ತುಸು ಹೊರಗೆ ಎಳೆಯುವುದು ಎಂದರೆ ಸವೆದ ಹಲ್ಲಿನ ಮೇಲೆ ಬಿಲ್ಲೆಗೆ ಸರಿಯಾದ ಜಾಗ ಹುಡುಕಿಕೊಡುವ ಪ್ರಯತ್ನವೇ ಆಗಿದೆ.

ಬಿಲ್ಲೆಗಳು ಹೀಗೆ ತೊಡಕಿಕೊಳ್ಳಲು ನಮ್ಮ ಕಡೆ ಎರಡು ಕಾರಣಗಳು ಕೂಡಿಕೊಳ್ಳುತ್ತವೆ. ಎರೆ ಮಣ್ಣಿನ ಧೂಳು ಹಿಟ್ಟಿನಂತೆ ನುಣುಪಾಗಿದ್ದು, ಚಾವಿಯ ಮೈಗೆ, ಜೇಬಿನ ಬಟ್ಟೆಗೆ ಅಂಟಿಕೊಂಡು ದಿನವೂ ಕೀಲಿಯೊಳಗೆ ಹೋಗುತ್ತದೆ. ಬರೀ ಧೂಳಾಗಿದ್ದರೆ ಅದರಲ್ಲಿ ಒಂದಷ್ಟು ಚಾವಿಯ ಜೊತೆಗೇ ಹೊರಗೆ ಬರುತ್ತದೆ. ಎಣ್ಣೆ ಬಿಟ್ಟ ಮೇಲೆ ಅದು ಅಲ್ಲೇ ಉಳಿಯುತ್ತದೆ. ಎಣ್ಣೆ ಕುಡಿದ ಕೀಲಿಯೊಂದನ್ನು ಬಿಚ್ಚಿ ಉರುಳೆಯನ್ನು ಬಿಳಿ ಬಟ್ಟೆಗೆ ಒರೆಸಿದರೆ ದಪ್ಪನೆಯ ಕಪ್ಪು ಜಿಡ್ಡು ಬರುತ್ತದೆ, ಅದನ್ನು ಎರಡು ಬೆರಳುಗಳ ನಡುವೆ ತಿಕ್ಕಿದರೆ ಮಣ್ಣಿನ ಕಣಗಳು ಗರಗರ ಎಂದು ಕೈಗೆ ತಗಲುತ್ತವೆ. ಆ ಜಿಡ್ಡು ಸ್ಪ್ರಿಂಗುಗಳನ್ನು ಕಟ್ಟಿಹಾಕುವುದರ ಜೊತೆಗೆ ಹಿತ್ತಾಳೆಯನ್ನೂ ಸವೆಸುತ್ತದೆ. ಮೊದಲ ಕೆಲವು ದಿನ ಸಲೀಸಾಗಿ, ಆಮೇಲೆ ಕೆಟ್ಟದ್ದಕ್ಕೆ ಇದೇ ಕಾರಣ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಗ್ರೀಸು ಇವು ಯಾವುವೂ ಇಗ್ನಿಷನ್ ಕೀಲಿಗೆ ಸಲ್ಲವು.

ಆದ್ದರಿಂದ ಮೊದಲು ಶುಚಿ ಮಾಡಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ವಿದ್ಯುತ್ ಸಂಪರ್ಕಗಳನ್ನು ಶುಚಿ ಮಾಡಲು ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಅದರ ಸಣ್ಣ ಕೊಳವೆಯ ಮೂಲಕ ಕೀಲಿಯ ಬಾಯಿಗೆ ತುಸುವೇ ಬಿಟ್ಟು, ಚಾವಿಯನ್ನು ತಿರುಗಿಸದೆ ಒಳಗೆ ಹೊರಗೆ ಆಡಿಸಿ, ಪ್ರತಿ ಸಲವೂ ಬಟ್ಟೆಗೆ ಒರೆಸಿರಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಹೀಗೆ ಮಾಡಿ, ಪೂರ್ತಿ ಆರಲು ಬಿಡಿರಿ. ಈ ಸ್ಪ್ರೇಗಳಲ್ಲಿ ಬೆಂಕಿ ಹತ್ತುವಂಥವು ಇರುವುದರಿಂದ ಬಾಗಿಲು ತೆರೆದಿಟ್ಟು, ಬೀಡಿ, ಸಿಗರೇಟು ಹತ್ತಿರ ಬಾರದಂತೆ ನೋಡಿಕೊಂಡು ಕೆಲಸ ಮಾಡಬೇಕು. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಣ ಗ್ರಾಫೈಟ್ ಪುಡಿಯನ್ನು ಒಂದು ಚಿಟಿಕೆಯಷ್ಟು ಮಾತ್ರ ಹಾಕಿರಿ. ಗ್ರಾಫೈಟ್ ವಿದ್ಯುತ್ತನ್ನು ಹರಿಸುವ ವಸ್ತು. ಕೀಲಿಯ ಹಿಂದೆಯೇ ಇಗ್ನಿಷನ್ ಸ್ವಿಚ್ ಇರುವುದರಿಂದ ಹೆಚ್ಚು ಸುರಿಯಬಾರದು. ಪೆನ್ಸಿಲಿನ ಕಡ್ಡಿಯನ್ನು ಚಾವಿಗೆ ತಿಕ್ಕುವುದೂ ಗ್ರಾಫೈಟಿನ ಪ್ರಯೋಗವೇ ಆದರೂ ಅದರಲ್ಲಿ ಜೇಡಿಮಣ್ಣು ಬೆರೆತಿರುತ್ತದೆ, ದಾರಿಯಲ್ಲಿ ಸಿಕ್ಕಿಬಿದ್ದಾಗಿನ ಉಪಾಯವಾಗಿ ಮಾತ್ರ ಸರಿ.

ಶುಚಿ ಮಾಡಿದ ಮೇಲೂ ತೊಂದರೆ ಉಳಿದರೆ, ಸವೆದಿರುವುದು ಚಾವಿಯೋ ಕೀಲಿಯೋ ಎಂದು ತಿಳಿಯಬೇಕು. ಕಾರಿನೊಂದಿಗೆ ಬಂದು ಬೀರುವಿನಲ್ಲಿ ಬಳಸದೆ ಉಳಿದ ಚಾವಿ ಇದ್ದರೆ ಅದನ್ನು ಹಾಕಿ ನೋಡಿರಿ. ಅದು ಸಲೀಸಾಗಿ ತಿರುಗಿದರೆ ದೋಷ ದಿನಬಳಕೆಯ ಚಾವಿಯದು, ಕೀಲಿ ಬದಲಾಯಿಸುವ ಮಾತೇ ಬರುವುದಿಲ್ಲ. ಬಜಾರಿನ ಡುಪ್ಲಿಕೇಟ್ ಏಕೆ ತಿರುಗಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಚಾವಿ ಕತ್ತರಿಸುವ ಯಂತ್ರ ನೀವು ಕೊಟ್ಟ ಚಾವಿಯ ಅಂಚನ್ನೇ ಸವರಿಕೊಂಡು ಹೋಗಿ ಅದರ ಸವೆತವನ್ನೂ ಹಾಗೇ ನಕಲು ಮಾಡುತ್ತದೆ, ಮೇಲೆ ತನ್ನದೊಂದಿಷ್ಟು ವ್ಯತ್ಯಾಸವನ್ನೂ ಸೇರಿಸುತ್ತದೆ. ಹೊಸ ಕಾರಿನ ಚಾವಿಯ ಜೊತೆಗೆ ಅಂಕಿ ಒತ್ತಿದ ಸಣ್ಣ ಬಿಲ್ಲೆಯೊಂದನ್ನು ಎಷ್ಟೋ ಕಂಪನಿಗಳು ಕೊಡುತ್ತವೆ. ಆ ಸಂಖ್ಯೆಯಿಂದ ಕತ್ತರಿಸಿದ ಚಾವಿಗೆ ಕಾರ್ಖಾನೆಯ ಮೂಲ ಅಳತೆಯೇ ಬರುತ್ತದೆ. ಬಿಲ್ಲೆ ಕಳೆದಿದ್ದರೆ ಆರ್‌ಸಿ ಮತ್ತು ಗುರುತಿನ ಚೀಟಿ ಒಯ್ದು, ಕಂಪನಿಯ ಡೀಲರ್ ಬಳಿ ಷಾಸಿ ಸಂಖ್ಯೆಯ ಆಧಾರದ ಮೇಲೆ ಹೊಸ ಚಾವಿ ತರಿಸಿಕೊಡಲು ಕೇಳಿರಿ.

ಇನ್ನೊಂದು ಪ್ರಶ್ನೆಯನ್ನು ನಾವೇ ನಿಮಗೆ ಕೇಳಬೇಕಾಗಿದೆ: ಆ ಚಾವಿಯ ಜೊತೆಗೆ ಇನ್ನೇನು ತೂಗುತ್ತದೆ? ಮನೆಯದು, ಗೋದಾಮಿನದು, ಪಂಪ್‌ಸೆಟ್ ಪೆಟ್ಟಿಗೆಯದು, ಟ್ರ್ಯಾಕ್ಟರಿನದು ಎಲ್ಲವನ್ನೂ ಒಂದೇ ಗೊಂಚಲಿಗೆ ಹಾಕಿ ಇಗ್ನಿಷನ್ನಿಗೆ ನೇತುಬಿಡುವುದು ನಮ್ಮಲ್ಲಿ ಸಾಮಾನ್ಯ. ತೋಟದ ದಾರಿಯ ಕುಲುಕಾಟದಲ್ಲಿ ಆ ಗೊಂಚಲು ತೂಗಾಡಿದಷ್ಟೂ ಬಿಲ್ಲೆಗಳು ಸವೆಯುತ್ತವೆ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳ ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದು, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಚಾವಿ ‘ಆನ್’ ಸ್ಥಾನದಿಂದ ಹಿಂದಕ್ಕೆ ಜಾರಿ, ಎಂಜಿನ್ ಆರಿ, ಅಪಘಾತದ ಹೊತ್ತಿಗೆ ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಹೋಗುತ್ತಿತ್ತು. ಆ ದೋಷಕ್ಕೆ ಸಂಬಂಧಿಸಿದ 124 ಸಾವುಗಳಿಗೆ ಪರಿಹಾರ ನಿಧಿಯಿಂದ ಹಣ ಸಂದಿತು. ಸ್ವಿಚ್ ಬದಲಾಗುವವರೆಗೆ ಬೇರೇನನ್ನೂ ನೇತುಹಾಕದೆ ಚಾವಿಯೊಂದನ್ನೇ ಬಳಸಿರಿ ಎಂದು ಕಂಪನಿ ಮಾಲೀಕರಿಗೆ ತಿಳಿಸಿತ್ತು. ನಿಮ್ಮ ಕಾರಿನಲ್ಲಿ ಅಂಥ ದೋಷವಿದೆಯೆಂದು ಇದರ ಅರ್ಥವಲ್ಲ. ಆದರೂ ಕಾರಿನ ಚಾವಿಯನ್ನು ಇಂದೇ ಗೊಂಚಲಿನಿಂದ ಬೇರ್ಪಡಿಸಿರಿ.

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಗೇರಿನ ಕಾರು. ಆಸ್ಪತ್ರೆಯಿಂದ ಮರಳಿ ಎಂಜಿನ್ ಆರಿಸಿದ ಮೇಲೆ ಚಾವಿ ‘ಎಸಿಸಿ’ವರೆಗೆ (ಎಂಜಿನ್ ಆರಿದ್ದರೂ ರೇಡಿಯೊದಂಥವು ನಡೆಯುವ ಸ್ಥಾನ) ಬಂದು ನಿಂತುಬಿಟ್ಟಿತು, ಹೊರಗೆ ಬರಲೇ ಇಲ್ಲ. ಹಾಗೇ ಬಿಟ್ಟಿದ್ದರಿಂದ ಬೆಳಿಗ್ಗೆ ಬ್ಯಾಟರಿಯೂ ಇಳಿದಿತ್ತು.
(ವೈದ್ಯೆ, ಟಿಳಕವಾಡಿ, ಬೆಳಗಾವಿ)

ಉತ್ತರ: ಇಂಥ ಕಾರುಗಳಲ್ಲಿ ಗೇರು ‘ಪಿ’ (ಪಾರ್ಕಿಂಗ್) ಸ್ಥಾನಕ್ಕೆ ಬಾರದ ಹೊರತು ಚಾವಿ ‘ಲಾಕ್’ ತನಕ ತಿರುಗದಂತೆ ತಡೆ ಇರುತ್ತದೆ. ಗೇರಿನ ಸನ್ನೆ (ಲಿವರ್) ‘ಪಿ’ಯಲ್ಲಿ ಇದ್ದಂತೆ ಕಂಡರೂ ಕೆಲವೊಮ್ಮೆ ಪೂರ್ತಿ ಕೂತಿರುವುದಿಲ್ಲ. ಬ್ರೇಕ್ ಒತ್ತಿ ಹಿಡಿದು, ಸನ್ನೆಯನ್ನು ಒಮ್ಮೆ ‘ಎನ್’ (ನ್ಯೂಟ್ರಲ್) ವರೆಗೆ ತಂದು ಮತ್ತೆ ‘ಪಿ’ಗೆ ಗಟ್ಟಿಯಾಗಿ ತಳ್ಳಿ, ಅಲ್ಲೇ ಒತ್ತಿ ಹಿಡಿದು ಚಾವಿ ತಿರುಗಿಸಿ ನೋಡಿರಿ. ಗೇರು ‘ಪಿ’ಗೆ ಬಂದಿದೆ ಎಂದು ತಿಳಿಸುವ ಪುಟ್ಟ ಸ್ವಿಚ್ಚೊಂದು ಎಷ್ಟೋ ಕಾರುಗಳಲ್ಲಿ ಸನ್ನೆಯ ಬುಡದಲ್ಲೇ ಇರುತ್ತದೆ, ಪಕ್ಕದ ಲೋಟದ ಗುಂಡಿಯಿಂದ ಚೆಲ್ಲಿದ ಸಕ್ಕರೆ ಚಹಾ ಇಳಿದು ಅದು ಅಂಟಿಕೊಳ್ಳುವುದುಂಟು. ಆ ಜಾಗವನ್ನು ಶುಚಿ ಮಾಡಿಸಿದರೇ ಕೆಲಸ ಮುಗಿಯಬಹುದು.

ತಡೆಯನ್ನು ಬಿಡಿಸುವುದು ವಿದ್ಯುತ್ತಿನಿಂದ ನಡೆಯುವ ಮಾದರಿಗಳಲ್ಲಿ ಬ್ಯಾಟರಿ ಇಳಿದಿದ್ದರೂ ಚಾವಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ನೋಡಿರಿ. ಕೆಲವು ಮಾದರಿಗಳಲ್ಲಿ ಸ್ಟಿಯರಿಂಗ್ ದಂಡದ ಹೊದಿಕೆಯ ಕೆಳಗೆ ಕೈಯಿಂದಲೇ ತಡೆ ಬಿಡಿಸುವ ಸಣ್ಣ ರಂಧ್ರವಿರುತ್ತದೆ. ಕಾರಿನ ಕೈಪಿಡಿಯಲ್ಲಿ ಅದರ ಚಿತ್ರ ಇದೆಯೇ ನೋಡಿರಿ. ಮತ್ತೆ ಎಂದಾದರೂ ಚಾವಿ ಹೊರಬಾರದೆ ರಾತ್ರಿ ಕಾರು ಬಿಡಬೇಕಾಗಿ ಬಂದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿರಿ. ಎಎಂಟಿ ಕಾರುಗಳಲ್ಲಿ (ಕೈಗೇರಿನ ಪೆಟ್ಟಿಗೆಯನ್ನೇ ಯಂತ್ರ ತಾನಾಗಿ ಬದಲಿಸುವಂಥವು) ಸಾಮಾನ್ಯವಾಗಿ ‘ಪಿ’ ಸ್ಥಾನವೇ ಇರುವುದಿಲ್ಲವಾದ್ದರಿಂದ ಈ ಉತ್ತರ ಅವುಗಳಿಗೆ ಅನ್ವಯಿಸುವುದಿಲ್ಲ. ಕೈಗೇರಿನ ಕೆಲವು ಕಾರುಗಳಲ್ಲಿ ಚಾವಿಯನ್ನು ‘ಎಸಿಸಿ’ಯಲ್ಲಿ ಒಳಕ್ಕೆ ಒತ್ತಿಯೇ ‘ಲಾಕ್’ ಕಡೆಗೆ ತಿರುಗಿಸಬೇಕು; ಹೊಸದಾಗಿ ಹಳೆಯ ಕಾರು ಕೊಂಡವರು ಇದನ್ನು ತಿಳಿಯದೆ ಗಾಬರಿಯಾಗುತ್ತಾರೆ.

ಪ್ರಶ್ನೆ: ಚಾವಿ ಸಲೀಸಾಗಿ ತಿರುಗುತ್ತದೆ, ಆದರೆ ಎಂಜಿನ್ ಹತ್ತುವುದಿಲ್ಲ, ಮೀಟರಿನಲ್ಲಿ ಚಾವಿಯ ಗುರುತಿನ ದೀಪ ಮಿಟುಕುತ್ತದೆ.
(ಓದುಗರು, ಜಮಖಂಡಿ)

ಉತ್ತರ: ನಿಮ್ಮ ತೊಂದರೆ ಕೀಲಿಯದಲ್ಲ, ಇಮೊಬಿಲೈಸರಿನದು. ಚಾವಿಯ ತಲೆಯೊಳಗಿನ ಸಣ್ಣ ಚಿಪ್ಪನ್ನು ಕಾರಿನ ಕಂಪ್ಯೂಟರು ಗುರುತಿಸದಿದ್ದರೆ ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಎರಡನೆಯ ಚಾವಿಯಿಂದ ಪ್ರಯತ್ನಿಸಿರಿ. ಅದರಿಂದ ಚಾಲೂ ಆದರೆ ಮೊದಲ ಚಾವಿಯ ಚಿಪ್ ಕೆಟ್ಟಿರಬಹುದು. ಚಿಪ್ ಇಲ್ಲದ ಬಜಾರಿನ ಚಾವಿ ಬಾಗಿಲು ತೆರೆದೀತು, ಎಂಜಿನ್ ಹತ್ತಿಸದು.

ಪ್ರಶ್ನೆ: ಚಾವಿ ಅರ್ಧ ಮುರಿದು ಕೀಲಿಯೊಳಗೆ ಉಳಿದಿದೆ. ಫೆವಿಕ್ವಿಕ್ ಹಚ್ಚಿ ಹೊರಗೆ ಎಳೆಯಬಹುದೇ?
(ಗ್ರಾನೈಟ್ ಘಟಕದ ಮೇಲ್ವಿಚಾರಕರು, ಇಳಕಲ್ಲ)

ಉತ್ತರ: ಖಂಡಿತ ಬೇಡ. ಅಂಟು ಒಂದು ಹನಿ ಒಳಗೆ ಇಳಿದರೂ ಬಿಲ್ಲೆಗಳು ಒಂದಕ್ಕೊಂದು ಹತ್ತಿಕೊಂಡು, ಉಳಿಯಬಹುದಾಗಿದ್ದ ಕೀಲಿಯೂ ಹೋಗುತ್ತದೆ. ಬೇರೆ ಚಾವಿಯನ್ನು ತೂರಿಸಿ ತುಂಡನ್ನು ಇನ್ನಷ್ಟು ಒಳಗೆ ತಳ್ಳಬೇಡಿರಿ. ಚಾವಿ ಮಾಡುವವರ ಬಳಿ ಮುಳ್ಳಿನ ತುದಿಯ ತೆಳುವಾದ ಕಡ್ಡಿ ಇರುತ್ತದೆ. ಅದನ್ನು ಹಲ್ಲಿನ ಪಕ್ಕಕ್ಕೆ ಜಾರಿಸಿ ತುಂಡನ್ನು ಹೊರಗೆ ಎಳೆಯುತ್ತಾರೆ. ಕೀಲಿ ‘ಲಾಕ್’ ಸ್ಥಾನದಲ್ಲಿದ್ದರೆ ಮಾತ್ರ ತುಂಡು ಬರುತ್ತದೆ ಎಂಬುದನ್ನು ಅವರಿಗೆ ನೆನಪಿಸಿರಿ. ಎರಡೂ ತುಂಡುಗಳನ್ನು ಜೋಪಾನವಾಗಿಡಿರಿ, ಅವನ್ನು ಜೋಡಿಸಿಟ್ಟುಕೊಂಡು ಹೊಸ ಚಾವಿ ಕತ್ತರಿಸಬಹುದು. ಚಾವಿಯ ತಲೆಯಲ್ಲಿ ಚಿಪ್ ಇದ್ದರೆ ಅದನ್ನು ಹೊಸ ಚಾವಿಗೆ ಕೂರಿಸಲು ಆಗುತ್ತದೆಯೇ ಎಂದೂ ಕೇಳಿರಿ. ಕೀಲಿಯನ್ನೇ ಬದಲಾಯಿಸುವುದು ಅನಿವಾರ್ಯವಾದರೆ, ಹೊಸ ಕೀಲಿಯ ಬಿಲ್ಲೆಗಳನ್ನು ಹಳೆಯ ಚಾವಿಗೆ ಹೊಂದಿಸಿಕೊಡಲು ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿರಿ. ಇಲ್ಲವಾದರೆ ಬಾಗಿಲಿಗೊಂದು, ಇಗ್ನಿಷನ್ನಿಗೊಂದು ಎಂದು ಎರಡು ಚಾವಿ ಹಿಡಿದು ಓಡಾಡಬೇಕಾಗುತ್ತದೆ. ನಿಮ್ಮ ವಿಮೆಯಲ್ಲಿ ಚಾವಿ ಬದಲಾವಣೆಯ ಹೆಚ್ಚುವರಿ ರಕ್ಷಣೆ ಸೇರಿದ್ದರೆ, ಗ್ಯಾರೇಜಿನಲ್ಲಿ ಕೆಲಸ ಶುರುವಾಗುವ ಮೊದಲೇ ವಿಮಾ ಕಂಪನಿಗೆ ತಿಳಿಸಿರಿ.